ಕೆಲಸ ಕಳೆದುಕೊಂಡ ಎಡಗೈ

ಸೋಲದೇವನಹಳ್ಳಿಯಲ್ಲಿ ಎಂಜಿನ್ನಿನ ಸದ್ದು ಕಾರಿಗಿಂತ ಹಳೆಯದು. 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲಕ್ಕೆ, ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ತಾನಾಗಿ ಹರಿದುಬಂದ ನೀರನ್ನು ಇಲ್ಲಿಂದ ಉಗಿಯಂತ್ರಗಳು ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದವು. ಬೆಂಗಳೂರಿನ ನಲ್ಲಿಗಳಲ್ಲಿ ನೀರು ಬಿದ್ದದ್ದು ಹಾಗೆ. ಇಂಥ ಊರಿನಲ್ಲಿರುವವನಿಗೆ ಯಂತ್ರದ ಹುಚ್ಚು ಹಿಡಿದರೆ ಅದು ನೀರಿನ ಗುಣ ಎಂದು ನಾನು ಮನೆಯಲ್ಲಿ ಸಮಜಾಯಿಷಿ ಕೊಡುವುದುಂಟು. ಮನೆಯಾಕೆ ಇನ್ನೂ ಒಪ್ಪಿಲ್ಲ.

ನನ್ನ ಹುಚ್ಚು ಕಾರುಗಳದ್ದು, ಅದರಲ್ಲೂ ಮಾರಿಬಿಟ್ಟ ಕಾರುಗಳದ್ದು. ಬಾಗಿಲಲ್ಲಿ ನಿಂತಿರುವ ಕಾರನ್ನು ಪ್ರೀತಿಸಲು ಕಂತು ಬಿಡುವುದಿಲ್ಲ. ಕೈಬಿಟ್ಟು ಹೋದವುಗಳಿಗೆ ಕಂತಿಲ್ಲ, ವಿಮೆಯಿಲ್ಲ, ನಿಲ್ಲಿಸಲು ಜಾಗವೂ ಬೇಕಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಒಂದೊಂದನ್ನೇ ಹೊರಗೆ ತೆಗೆದು ಹೆಸರಘಟ್ಟದವರೆಗೆ ಓಡಿಸಿಕೊಂಡು ಬರಬಹುದು. ಹಾಗೆ ಓಡಿಸುವಾಗೆಲ್ಲ ನಾನು ಗಮನಿಸಿದ್ದು ಒಂದೇ. ಕಾರಿನ ಬಣ್ಣ, ಕೊಟ್ಟ ದುಡ್ಡು ಇವೆಲ್ಲ ತಲೆಯಿಂದ ಜಾರಿಹೋಗುತ್ತವೆ. ಜಾರದೆ ಉಳಿಯುವುದು ಎಡಗೈಯಲ್ಲಿ, ಕಿವಿಯಲ್ಲಿ, ಮೂಗಿನಲ್ಲಿ ಕೂತದ್ದು.

ಎಡಗೈಯಲ್ಲಿ ಕೂತದ್ದು ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್ಲು. 1989ರಲ್ಲಿ ಕೆಎ ಸರಣಿ ಬರುವುದಕ್ಕೆ ಮುಂಚಿನ, ಸಿಎ ಎಂದು ಶುರುವಾಗುವ ನಂಬರು. ಕಾಗದದಲ್ಲಿ ಪದ್ಮಿನಿ ಎಂದಿದ್ದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಇಟಲಿಯ ಫಿಯೆಟ್ 1100 ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತ ಹೆಸರು ಬದಲಿಸಿಕೊಂಡಿತ್ತು, ರೂಪವನ್ನು ಹೆಚ್ಚು ಬದಲಿಸಿಕೊಂಡಿರಲಿಲ್ಲ. 1089 ಸಿಸಿಯ ಎಂಜಿನ್ನು. ಮುಂದೆ ಮೂವರು ಒತ್ತಿಕೊಂಡು ಕೂರಬಹುದಾದ ಒಂದೇ ಉದ್ದ ಸೀಟು. ನೆಲದಲ್ಲಿ ಏನೂ ಇಲ್ಲ, ಗೇರು ಸ್ಟೀರಿಂಗಿನ ಪಕ್ಕದಲ್ಲಿ. ನಾಲ್ಕು ಗೇರುಗಳು ಎಲ್ಲೆಲ್ಲಿವೆ ಎಂದು ಈಗ ಕೇಳಿದರೆ ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಗಾಳಿಯಲ್ಲಿ ಕೈ ಎತ್ತಿದರೆ ಅದೇ ತೋರಿಸುತ್ತದೆ: ಒಳಗೆ, ಹೊರಗೆ, ಮೇಲೆ, ಕೆಳಗೆ, ನಡುವೆ ಅರ್ಧ ಉಸಿರಿನಷ್ಟು ತಡೆ. ಆ ತಡೆ ಬಹಳ ಮುಖ್ಯ. ಕ್ಲಚ್ ಒತ್ತಿ ಲಿವರನ್ನು ನ್ಯೂಟ್ರಲ್ಲಿಗೆ ತಂದು, ಒಳಗೆ ತಿರುಗುತ್ತಿರುವ ಹಲ್ಲುಗಳಿಗೆ ವೇಗ ಹೊಂದಿಸಿಕೊಳ್ಳಲು ಅಷ್ಟು ಸಮಯ ಕೊಟ್ಟರೆ ಗೇರು ಬೆಣ್ಣೆಯೊಳಗೆ ಇಳಿದಂತೆ ಇಳಿಯುತ್ತಿತ್ತು. ಅವಸರ ಮಾಡಿದರೆ ಕರಕರ ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಬೈಯುತ್ತಿತ್ತು.

ಬೆಳಿಗ್ಗೆ ಅದನ್ನು ಎಬ್ಬಿಸುವುದೂ ಒಂದು ಕಸುಬು. ಚಳಿಗಾಲವಾದರೆ ಚೋಕ್ ಪೂರ್ತಿ, ಬೇಸಿಗೆಯಾದರೆ ಅರ್ಧ. ಚೋಕ್ ಎಳೆದರೆ ಕಾರ್ಬುರೇಟರಿಗೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ತಣ್ಣಗಿನ ಎಂಜಿನ್ನು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಿತೆಂದು ಬಿಡುವಂತಿಲ್ಲ. ಶಾಖ ಏರಿದ ಹಾಗೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಬೇಕು. ಎಷ್ಟು, ಯಾವಾಗ ಎಂಬುದನ್ನು ಹೇಳುವುದು ಕಿವಿ. ಕಿವಿ ತಪ್ಪಿದರೆ ಮೂಗು ಹೇಳುತ್ತದೆ: ಘಂ ಎಂದು ಹಸಿ ಪೆಟ್ರೋಲಿನ ವಾಸನೆ ಬಂತೆಂದರೆ ‘ಓವರ್’ ಆಯಿತೆಂದು ಅರ್ಥ, ಹತ್ತು ನಿಮಿಷ ಸುಮ್ಮನಿರಬೇಕು. ಆ ಹತ್ತು ನಿಮಿಷಗಳಲ್ಲಿ ಅಕ್ಕಪಕ್ಕದವರೆಲ್ಲ ಬಂದು ಸಲಹೆ ಕೊಡುತ್ತಿದ್ದರು. ಬಾನೆಟ್ ಎತ್ತಿ ನಿಂತ ಕಾರಿನಷ್ಟು ಬೇಗ ನೆರೆಹೊರೆಯನ್ನು ಕೂಡಿಸುವ ವಸ್ತು ನಮ್ಮ ಕಡೆ ಇನ್ನೊಂದಿರಲಿಲ್ಲ.

ಫಿಯೆಟ್ಟಿನ ಮುಂಬಾಗಿಲಿನ ಮೂಲೆಯಲ್ಲಿ ತ್ರಿಕೋನದ ಒಂದು ಪುಟ್ಟ ಗಾಜಿತ್ತು. ಅದನ್ನು ಹೊರಕ್ಕೆ ತಿರುಗಿಸಿದರೆ ಗಾಳಿ ಹಿಡಿದುಕೊಂಡು ಬಂದು ನೇರ ಎದೆಗೆ ಸುರಿಯುತ್ತಿತ್ತು. ಚಿಕ್ಕಬಾಣಾವರ ದಾಟಿ, ನಮ್ಮೂರು ದಾಟಿ, ತರಬನಹಳ್ಳಿಯ ಕಡೆ ಹೊರಟರೆ ಆಗಿನ್ನೂ ಎರಡೂ ಬದಿಗೆ ರಾಗಿ ಹೊಲ, ದ್ರಾಕ್ಷಿ ತೋಟ, ಮುಂದೆ ಹೆಸರಘಟ್ಟದ ಹುಲ್ಲುಗಾವಲು. ಕೊಯ್ಲಿನ ಹೊತ್ತಿನ ಹುಲ್ಲಿನ ವಾಸನೆ, ಮೊದಲ ಮಳೆಯ ಮಣ್ಣು, ಹಿಪ್ಪುನೇರಳೆ ತೋಟಕ್ಕೆ ಹಾಕಿದ ಗೊಬ್ಬರ ಎಲ್ಲವೂ ಆ ತ್ರಿಕೋನದಿಂದಲೇ ಒಳಗೆ ಬರುತ್ತಿದ್ದವು. ಏಸಿ ಬಂದ ಮೇಲೆ ಕಾರುಗಳಿಂದ ಆ ಗಾಜು ಹೋಯಿತು.

ಕಿವಿಗೆ ಪಾಠ ಹೇಳಿದವರು ಯಶವಂತಪುರದ ಒಬ್ಬ ಮೆಕ್ಯಾನಿಕ್. ಎಲ್ಲರೂ ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು ಡಾಕ್ಟರ ಗಾಂಭೀರ್ಯದಲ್ಲಿ ಕಣ್ಣುಮುಚ್ಚುತ್ತಿದ್ದರು. ಟಕಟಕ ಸದ್ದು ಹೆಚ್ಚಾಗಿದೆ, ಟ್ಯಾಪೆಟ್ ಬಿಗಿ ಮಾಡಿಕೊಡಿ ಎಂದು ನಾನು ಕೇಳಿದಾಗ ಅವರು ಒಪ್ಪಲಿಲ್ಲ.

“ಸ್ವಲ್ಪ ಸದ್ದು ಮಾಡ್ಲಿ ಬಿಡಿ ಸಾರ್. ಸದ್ದು ಮಾಡೋ ಟ್ಯಾಪೆಟ್ಟಿಂದ ಎಂಜಿನ್ ಹಾಳಾಗಲ್ಲ. ಪೂರ್ತಿ ಸುಮ್ಮನಾಯ್ತು ಅಂದ್ರೆ ವಾಲ್ವ್ ಸುಟ್ಟುಹೋಗುತ್ತೆ.”

ಮಾತು ನಿಜ. ಎಂಜಿನ್ ಕಾದಾಗ ವಾಲ್ವು ಹಿಗ್ಗುತ್ತದೆ. ಹಿಗ್ಗಲು ಕೂದಲೆಳೆಯಷ್ಟು ಸಂದು ಬಿಡದಿದ್ದರೆ ಅದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಉರಿಯುವ ಅನಿಲ ಅಲ್ಲಿಂದ ನುಸುಳಿ ಅಂಚನ್ನು ತಿನ್ನುತ್ತದೆ. ಅಂದಿನಿಂದ ಆ ಟಕಟಕ ನನಗೆ ಆರೋಗ್ಯದ ಸದ್ದಾಯಿತು. ಬಿಡಿಭಾಗ ಬೇಕಾದರೆ ಭಾಯ್ ಜೆ.ಸಿ. ರಸ್ತೆಗೆ ಕಳಿಸುತ್ತಿದ್ದರು. ಅಲ್ಲಿ ಇಲ್ಲದಿದ್ದರೆ ಶಿವಾಜಿನಗರದ ಗುಜರಿಗೆ. ಗುಜರಿಯಲ್ಲೂ ಸಿಗದಿದ್ದರೆ ಪೀಣ್ಯದ ಯಾವುದೋ ಲೇತಿನವನ ಮುಂದೆ ಸವೆದ ಬುಷ್ ಇಟ್ಟರೆ ಸಂಜೆಗೆ ಹೊಸದು ಸಿದ್ಧ. ಎಚ್ಎಂಟಿ, ಬಿಇಎಲ್ ಬೆಳೆಸಿದ ಸೀಮೆ ಇದು. ಮೈಕ್ರಾನಿನಲ್ಲಿ ಮಾತಾಡುವವರು ಗಲ್ಲಿಗೊಬ್ಬರಿದ್ದರು.

ಫಿಯೆಟ್ಟಿನ ನಂತರ ಬಂದದ್ದು ಓಮ್ನಿ. ಕನ್ನಡ ಸಿನಿಮಾಗಳಲ್ಲಿ ಹುಡುಗಿಯನ್ನು ಎತ್ತಿ ಹಾಕಿಕೊಂಡು ಹೋಗಲು ಬರುತ್ತಿತ್ತಲ್ಲ, ಜಾರುಬಾಗಿಲಿನದು, ಅದೇ. ನಮ್ಮ ಓಮ್ನಿ ಎತ್ತಿ ಹಾಕಿಕೊಂಡದ್ದು ಅವರೆಕಾಯಿ ಮೂಟೆ, ಮದುವೆ ಮನೆಯ ಹಂಡೆ, ಬಾಳೆಕಂದು, ಸೋದರತ್ತೆಯರು. ಮಾರುತಿ 800ರ ಅದೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಇಲ್ಲಿ ಮುಂದಿನ ಸೀಟಿನ ಕೆಳಗೆ. ಎದುರಿಗೆ ಬಾನೆಟ್ಟೇ ಇಲ್ಲ, ಮುಂದಿನ ಚಕ್ರದ ಮೇಲೆಯೇ ಡ್ರೈವರ್ ಕೂತಿರುವುದು. ಹಾಗಾಗಿ ತಿರುವಿನಲ್ಲಿ ಮೊದಲು ನಾವು ತಿರುಗುತ್ತಿದ್ದೆವು, ವಾಹನ ಆಮೇಲೆ. ಶಿವಗಂಗೆಗೆ ಹೊರಟ ದಿನ ಹಿಂದೆ ಎಷ್ಟು ಜನ ಕೂತಿದ್ದಾರೆಂಬುದನ್ನು ನಾನು ಕನ್ನಡಿಯಲ್ಲಿ ನೋಡುತ್ತಿರಲಿಲ್ಲ. ದಾಬಸ್‌ಪೇಟೆಯ ಏರಿನಲ್ಲಿ ಮೂರನೇ ಗೇರು ಎಷ್ಟು ಹೊತ್ತು ತಾಳುತ್ತದೆ ಎಂಬುದರ ಮೇಲೆ ಲೆಕ್ಕ ಸಿಗುತ್ತಿತ್ತು. ಇವತ್ತಿಗೂ ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದಾಗ ಜೊತೆಗೆ ಬಿಸಿ ರೆಕ್ಸಿನ್ನಿನ ವಾಸನೆಯೂ ಬಂದಂತಾಗುತ್ತದೆ. ಮೂಗು ಎರಡನ್ನೂ ಒಂದೇ ಕಡೆ ಇಟ್ಟುಕೊಂಡಿದೆ.

ಬೈದುಕೊಂಡು ಮಾರಿ ಅತ್ತುಕೊಂಡು ನೆನೆಯುವುದು ಜೆನ್ ಕಾರನ್ನು. ಯಶವಂತಪುರದ ಕೆಎ 04. 1993ರಲ್ಲಿ ಈ ಕಾರು ಮಾರುಕಟ್ಟೆಗೆ ಬಂದಾಗ ರಸ್ತೆಯ ಮೇಲಿನ ಮಿಕ್ಕ ಕಾರುಗಳೆಲ್ಲ ಡಬ್ಬಗಳಂತೆ ಕಂಡವು. 993 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, ಹಗುರ ಮೈ, ನೆಲಕ್ಕೆ ತಾಗಿದಂಥ ಸೀಟು. ಸೊಂಟ ನೋವು ಬಂದು, ಏಳುವಾಗ ಕೂರುವಾಗ ಮನೆಯವರ ಮಾತು ಕೇಳಲಾಗದೆ ಕೊಟ್ಟುಬಿಟ್ಟೆ. ಆದರೆ ನಂದಿಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಅದನ್ನು ಹಿಡಿದವರಿಗೆ ಗೊತ್ತು, ಆ ಸೀಟು ತಗ್ಗಿನಲ್ಲಿದ್ದದ್ದಕ್ಕೇ ರಸ್ತೆ ನೇರ ಬೆನ್ನುಮೂಳೆಗೆ ಸುದ್ದಿ ಹೇಳುತ್ತಿತ್ತು. ಮುಂದಿನ ಟಯರು ಎಲ್ಲಿ ಹಿಡಿತ ಬಿಡುತ್ತಿದೆ ಎಂದು ಸ್ಟೀರಿಂಗು ಬೆರಳಿಗೆ ಮೊದಲೇ ತಿಳಿಸುತ್ತಿತ್ತು. ಚಿಕ್ಕಬಾಣಾವರದ ಟ್ರಾಫಿಕ್ಕಿನಲ್ಲಿ ನಿಂತಾಗ ಈಗಲೂ ಹಳೆಯ ಜೆನ್ ಕಂಡರೆ ಮೊದಲು ನಂಬರ್ ಪ್ಲೇಟು ನೋಡುತ್ತೇನೆ. ನಮ್ಮದಲ್ಲ ಎಂದು ಖಾತ್ರಿಯಾದ ಮೇಲೂ ಸೈಲೆನ್ಸರಿನ ಸದ್ದು ಕೇಳಿಸಿಕೊಂಡೇ ಮುಂದೆ ಹೋಗುವುದು.

ನನ್ನದಾಗದೆ ಹೋದವೂ ಇವೆ. ನಮ್ಮ ಬೆಂಗಳೂರಿನದೇ ಸಿಪಾನಿ ಡಾಲ್ಫಿನ್, 1980ರ ದಶಕದ ಆರಂಭದ್ದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನಿಂದ ಇಳಿದ ಸಂತತಿ. ಫೈಬರ್ ಮೈ, ಎರಡೇ ಬಾಗಿಲು, 848 ಸಿಸಿ. ತುಕ್ಕು ಹಿಡಿಯದ ಕಾರು ಎಂಬುದೇ ನಮ್ಮ ಹುಡುಗತನಕ್ಕೆ ದೊಡ್ಡ ಪವಾಡ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿಯ ಬೀಗದ ಕೈಯನ್ನು ಇಂದಿರಾ ಗಾಂಧಿ ಕೊಟ್ಟ ಮೇಲೆ ಇಂಥ ಸಣ್ಣ ಪ್ರಯತ್ನಗಳಿಗೆ ಉಳಿಗಾಲವಿರಲಿಲ್ಲ. ಅಂಬಾಸಿಡರ್ ಕೂಡ ಬೇಕಿತ್ತು, 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವ ಮೊದಲೇ ಕೊಳ್ಳಬೇಕಿತ್ತು. ಆದರೆ ಬಿಳಿ ಅಂಬಾಸಿಡರಿನಲ್ಲಿ ಹೋದರೆ ಜನ ಅರ್ಜಿ ಹಿಡಿದು ಅಡ್ಡ ಬರುತ್ತಾರೆಂದು ಮನೆಯಾಕೆ ಹೆದರಿಸಿದಳು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಹಳೆಯ ಕಾರೇ ಒಳ್ಳೆಯದೆಂದು ವಾದಿಸುವ ಮೊಂಡ ನಾನಲ್ಲ. ಏರ್‌ಬ್ಯಾಗ್ ಇಲ್ಲದ, ಬ್ರೇಕಿಗೆ ಮುಂಗಡ ಅರ್ಜಿ ಕೊಡಬೇಕಾದ ಕಾರಿನಲ್ಲಿ ಮಗಳನ್ನು ರಾತ್ರಿ ತುಮಕೂರು ರಸ್ತೆಗೆ ಕಳಿಸಲಾರೆ. ಈಗಿನ ಕಾರು ನನಗಿಂತ ಜಾಣ. ಮಳೆ ಬಂದರೆ ತಾನೇ ವೈಪರ್ ಹಾಕಿಕೊಳ್ಳುತ್ತದೆ, ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ನನ್ನ ಎಡಗೈ ತೊಡೆಯ ಮೇಲೆ ಕೂತು ಕಿಟಕಿಯಾಚೆ ನೋಡುತ್ತದೆ. ಕೊರತೆ ಕಾರಿನದಲ್ಲ, ಕೈಗೆ ಕೆಲಸವಿಲ್ಲದ್ದು.

ಇದು ಹೊಳೆದದ್ದು ಫಿಯೆಟ್ ಮಾರಿದ ದಿನವೇ. ಕೊಳ್ಳಲು ಬಂದಿದ್ದವರು ಮಧುಗಿರಿ ಕಡೆಯ ಒಬ್ಬ ಮೇಷ್ಟ್ರು. ಫಾರಂ 29, 30ಕ್ಕೆ ನಾನು ರುಜು ಹಾಕುತ್ತಿದ್ದಾಗ, “ಗಾಡಿದು ಏನಾದ್ರೂ ಗುಟ್ಟಿದ್ರೆ ಹೇಳ್ಬಿಡಿ ಸಾರ್” ಎಂದರು. ಚೋಕ್ ಎಷ್ಟು, ಗೇರಿಗೆ ಎಷ್ಟು ತಡೆ, ಎಡಗಡೆಯ ಹಿಂಬಾಗಿಲನ್ನು ಎತ್ತಿ ಹಾಕಬೇಕಾದ್ದು, ಎಲ್ಲ ಹೇಳುತ್ತ ಹೋದೆ. ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕಾರಿನ ಬೆಲೆ ಅವರು ಕೊಟ್ಟಿದ್ದರು. ಆ ವಿದ್ಯೆಗೆ ಬೆಲೆ ಕಟ್ಟಲು ಇಬ್ಬರಿಗೂ ತೋಚಲಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಫಳಫಳ ಹೊಳೆಯುವ ಹಳೆಯ ಕಾರುಗಳನ್ನು ನೋಡಿದಾಗಲೂ ನನಗೆ ಅನಿಸುವುದು ಇದೇ: ಕಾರನ್ನು ಕಾಪಿಡಬಹುದು, ಅದನ್ನು ಎಬ್ಬಿಸುವ ಕೈಯನ್ನು ಎಲ್ಲಿ ಇಡುವುದು?

ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಸುದ್ದಿ ಓದಿದಾಗಿನಿಂದ ನಾನು ಒಂದು ಫಿಯೆಟ್ಟಿಗಾಗಿ ಹುಡುಕುತ್ತಿದ್ದೇನೆ. ಮನೆಯಾಕೆಗೆ ಕಾನೂನು ತೋರಿಸಿ ಒಪ್ಪಿಸುವ ಯೋಜನೆ ನನ್ನದು. 2021ರ ಕೇಂದ್ರ ಸರ್ಕಾರದ ನಿಯಮದಂತೆ, ಮೂಲ ರೂಪದಲ್ಲೇ ಉಳಿದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ವಿಎ ಅಕ್ಷರಗಳಿರುವ ಬೇರೆಯೇ ನಂಬರು. 1984ರ ಫಿಯೆಟ್ ಸಿಕ್ಕಿದರೆ 2034ಕ್ಕೆ ಅದಕ್ಕೆ ಈ ಪದವಿ. ಆಮೇಲೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸುವುದಕ್ಕೆ ಮಾತ್ರ ಅನುಮತಿ. ಇದನ್ನು ಓದಿ ಹೇಳಿದಾಗ ಮನೆಯಾಕೆಗೆ ಸಮಾಧಾನವಾಯಿತು, ಸದ್ಯ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು. ನಾನು ಎದುರು ಮಾತಾಡಲಿಲ್ಲ. ಆದರೆ ಹಳೆಯ ಕಾರು ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಕುಡಿಯುತ್ತದೆ, ವಾರಕ್ಕೊಮ್ಮೆಯಾದರೂ ಬಂಕಿಗೆ ಹೋಗಲೇಬೇಕಾಗುತ್ತದೆ, ಮತ್ತು ನನಗೆ ನಂಬಿಕೆಯಿರುವ ಬಂಕು ಹೆಸರಘಟ್ಟದ ದಾರಿಯಲ್ಲೇ ಇದೆ.