ಮುದ್ದೆ, ಮಾತ್ರೆ ಮತ್ತು ಮನೆಯ ವಿವೇಕ

ನಂದಗುಡಿ ಸೀಮೆಯ ನಾವು ಹೊಲ ಕೊಳ್ಳುವ ಮುನ್ನ ಪಹಣಿ ನೋಡುತ್ತೇವೆ. ಕೊಳವೆಬಾವಿ ಕೊರೆಸುವ ಮುನ್ನ ನಾಲ್ಕು ಜನ ತಿಳಿದವರನ್ನು ಕೇಳುತ್ತೇವೆ. ಸಂಬಂಧ ಬೆಳೆಸುವ ಮುನ್ನ ಮನೆತನ ವಿಚಾರಿಸುತ್ತೇವೆ. ಆದರೆ ಇಷ್ಟಲಿಂಗವನ್ನು ಧರಿಸುವ ಈ ಕಾಯದ ವಿಷಯ ಬಂದಾಗ ಮಾತ್ರ ಬಸ್ ನಿಲ್ದಾಣದಲ್ಲಿ ಕೇಳಿದ ಒಂದು ಮಾತೇ ನಮಗೆ ಪ್ರಮಾಣವಾಗಿಬಿಡುತ್ತದೆ.

ನಮ್ಮ ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ದಿನದಿಂದ ಮನೆಗೆ ಬಂದವರೆಲ್ಲರೂ ವೈದ್ಯರಾದರು. ಒಬ್ಬರು ಹಾಗಲಕಾಯಿಯ ರಸ ಹೇಳಿದರು. ಇನ್ನೊಬ್ಬರು, “ರಾಗಿಯಲ್ಲಿ ಸಕ್ಕರೆಯೇ ಇಲ್ಲ, ಎಷ್ಟು ಬೇಕಾದರೂ ಉಣ್ಣಿ” ಎಂದರು. ಮತ್ತೊಬ್ಬರು ಹೆಸರಿಲ್ಲದ ಪುಡಿಯ ಪೊಟ್ಟಣವನ್ನೇ ತಂದಿಟ್ಟು, “ಮಾತ್ರೆ ಬಿಟ್ಟುಬಿಡಿ, ಅದು ಮೂತ್ರಪಿಂಡ ಕೆಡಿಸುತ್ತದೆ” ಎಂದು ಎಚ್ಚರಿಸಿದರು. ಎಲ್ಲರದೂ ಪ್ರೀತಿಯ ಮಾತೇ. ದೊಡ್ಡಪ್ಪನವರ ಮನಸ್ಸೂ ಅತ್ತಲೇ ವಾಲಿತು. “ನೋವಿಲ್ಲ, ಸುಸ್ತಿಲ್ಲ, ಮಾತ್ರೆ ಏತಕ್ಕೆ?” ಎಂಬುದು ಅವರ ವಾದ. ಹಿರಿಯರಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಒಂದೊಂದು ಮಾತನ್ನೂ ಅವರೊಡನೆ ಕುಳಿತೇ ವಿಚಾರಿಸಿ ನೋಡಲು ನಿಶ್ಚಯಿಸಿದೆವು.

ಮೊದಲು ರಾಗಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇವೆ. ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂನಷ್ಟು ಮಾತ್ರ. ನಮ್ಮ ನೆಲದ ಧಾನ್ಯದ ಹಿರಿಮೆ ನಿಜವೇ. ಆದರೆ ಹೊಟ್ಟೆಯಲ್ಲಿ ಸಕ್ಕರೆಯಾಗಿ ಮಾರ್ಪಡುವ ಶರ್ಕರಪಿಷ್ಟ ಅಕ್ಕಿಯಲ್ಲಿ 78 ಗ್ರಾಂ ಇದ್ದರೆ ರಾಗಿಯಲ್ಲೂ 67 ಗ್ರಾಂ ಇದೆ! ದೊಡ್ಡಪ್ಪನವರು ಉಳುಮೆ ಬಿಟ್ಟು ವರ್ಷಗಳಾಗಿದ್ದವು; ತಟ್ಟೆಯ ಮುದ್ದೆಯ ಗಾತ್ರ ಮಾತ್ರ ನೇಗಿಲು ಹಿಡಿದ ಕಾಲದ್ದೇ ಆಗಿತ್ತು. ವೈದ್ಯರನ್ನು ಕೇಳಿ ಮುದ್ದೆಯನ್ನು ಚಿಕ್ಕದಾಗಿಸಿ, ಸೊಪ್ಪು, ಹುರುಳಿಕಾಳಿನ ಬಸ್ಸಾರನ್ನು ಹೆಚ್ಚಿಸಿದೆವು. ಸಂಜೆ ಕೆರೆಯ ಏರಿಯವರೆಗೆ ನಡಿಗೆಯೂ ಸೇರಿತು.

ಎರಡನೆಯದು ಮಾತ್ರೆ. ವೈದ್ಯರು ಬರೆದುಕೊಟ್ಟಿದ್ದು ಮೆಟ್‌ಫಾರ್ಮಿನ್. ಇದರ ಮೂಲವೂ ಒಂದು ಗಿಡವೇ ಎಂದು ತಿಳಿದಾಗ ದೊಡ್ಡಪ್ಪನವರಿಗೆ ಆಶ್ಚರ್ಯವಾಯಿತು. ಯೂರೋಪಿನಲ್ಲಿ ಹಳ್ಳಿಯ ಮದ್ದಾಗಿದ್ದ ಗಲೇಗಾ ಎಂಬ ಸಸ್ಯದ ಅಂಶವನ್ನು ಅನುಸರಿಸಿ ಈ ಔಷಧ ರೂಪುಗೊಂಡಿತು. ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟರ್ನ್ ಅವರು ಇದನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶವನ್ನು 1957ರಲ್ಲಿ ಪ್ರಕಟಿಸಿದರು. ಹಾಗಾದರೆ ಭೇದವಿರುವುದು ಎಲೆಗೂ ಮಾತ್ರೆಗೂ ನಡುವೆ ಅಲ್ಲ. ಒಳಗೆ ಏನಿದೆ, ಎಷ್ಟಿದೆ, ಅದರಿಂದ ಯಾರಿಗೆ ಕೇಡು ಎಂಬುದು ಒಂದರಲ್ಲಿ ತಿಳಿದಿದೆ, ಇನ್ನೊಂದರಲ್ಲಿ ತಿಳಿದಿಲ್ಲ. ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ವೈದ್ಯರು ಈ ಮಾತ್ರೆಯ ಪ್ರಮಾಣ ತಗ್ಗಿಸುತ್ತಾರೆ, ಕೆಲವರಿಗೆ ನಿಲ್ಲಿಸುತ್ತಾರೆ. ಅದಕ್ಕಾಗಿಯೇ ರಕ್ತ ಪರೀಕ್ಷೆ. ಮೂತ್ರಪಿಂಡವನ್ನೂ ಕಣ್ಣನ್ನೂ ಪಾದದ ನರಗಳನ್ನೂ ನಿಧಾನವಾಗಿ ಕೆಡಿಸುವುದು ಹತೋಟಿಯಿಲ್ಲದ ಸಕ್ಕರೆ. ಪುಡಿಯ ಪೊಟ್ಟಣ ತಂದವರನ್ನು ಗೌರವದಿಂದ ಕೇಳಿದೆವು, “ಇದರಲ್ಲಿ ಏನೇನಿದೆ?” ಅವರಿಗೂ ತಿಳಿದಿರಲಿಲ್ಲ. ಪೊಟ್ಟಣ ಹಾಗೆಯೇ ಉಳಿಯಿತು.

ಇನ್ನು ನೋವಿಲ್ಲವೆಂಬ ಮಾತು. ನೋವಿಲ್ಲದಿರುವುದೇ ಈ ಕಾಯಿಲೆಯ ಮೋಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ಪ್ರಕಟಿಸಿದಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ, 35.5 ಮಂದಿಗೆ ರಕ್ತದ ಒತ್ತಡವಿದೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಸಕ್ಕರೆ ಕಾಯಿಲೆಯ ಸೂಚನೆ. ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿದೆ.

ದೊಡ್ಡಪ್ಪನವರೊಡನೆ ಮನೆಯವರೆಲ್ಲರೂ ತಪಾಸಣೆಗೆ ಹೋದೆವು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ, ಒಂದು ದಿನವೂ ತಲೆನೋವೆಂದು ಮಲಗದ ದೊಡ್ಡಮ್ಮನವರಿಗೆ ರಕ್ತದ ಒತ್ತಡ ಮಿತಿ ಮೀರಿರುವುದು ಅಂದು ತಿಳಿಯಿತು. ಮನೆಯ ದೀಪ ಬೆಳಗುವವರನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಅವರಾಗಿ ಹೇಳಿರಲೂ ಇಲ್ಲ. ಈಗ ಉಪ್ಪಿನಕಾಯಿಯ ಜಾಡಿ ಮೇಲಿನ ಅಟ್ಟ ಸೇರಿದೆ. ಇಬ್ಬರ ಮಾತ್ರೆಗಳೂ ಒಂದೇ ಗೂಡಿನಲ್ಲಿವೆ. ಮೂರು ತಿಂಗಳ ಬಳಿಕ ದೊಡ್ಡಪ್ಪನವರ ಸಕ್ಕರೆಯ ಅಂಕಿ ಇಳಿದಿತ್ತು. ಮಾತ್ರೆ ಮಾತ್ರ ವೈದ್ಯರ ಅಪ್ಪಣೆಯಂತೆ ಮುಂದುವರಿದಿದೆ.

ಹಬ್ಬದ ಪಂಕ್ತಿಯಲ್ಲಿ ಹೋಳಿಗೆ ಬೇಡವೆನ್ನುವುದು ಕಷ್ಟ. ತಟ್ಟೆಗೆ ಬಿದ್ದ ಪ್ರಸಾದವನ್ನು ಬಿಡುವುದು ನಮ್ಮ ಆಚಾರವಲ್ಲ. ಆದ್ದರಿಂದಲೇ ನಿರ್ಧಾರ ಬಡಿಸುವ ಮೊದಲೇ ಆಗಬೇಕು. ಕೈ ಅಡ್ಡ ಹಿಡಿದು “ಅರ್ಧ ಸಾಕು ತಾಯಿ” ಎಂದರೆ ಪ್ರಸಾದಕ್ಕೂ ಗೌರವ, ಕಾಯಕ್ಕೂ ಕ್ಷೇಮ. ಬಡಿಸುವ ಕೈಯೂ ಆ ಮಾತನ್ನು ಒತ್ತಾಯದಿಂದ ಮೀರದಿರಲಿ ಎಂಬುದು ಸದ್ಭಕ್ತ ಬಂಧುಗಳಲ್ಲಿ ನಮ್ಮ ಬಿನ್ನಹ.