ಕೊನೆಯ ಹಾಳೆ ಎಲ್ಲಿ?

ಮಖ್ತಲಿನ ನಮ್ಮ ಮನೆಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ರಾಯಚೂರಿನಿಂದ ಬರುತ್ತಿದ್ದವು. ಅವರು ಬರೆದವು ಐನೂರಕ್ಕೂ ಹೆಚ್ಚು. ಮನೆಗೆ ಬಂದದ್ದು ಒಂದೊಂದೇ. ಅದಕ್ಕಾಗಿ ನಾರಾಯಣಪೇಟೆಯ ಸೋದರತ್ತೆಗೂ ಗದ್ವಾಲದ ಸೋದರಮಾವನಿಗೂ ಜಗಳ. ಮೊದಲು ಓದಿದವರು ಕೊಲೆಗಾರನ ಹೆಸರು ಬಾಯಿಬಿಟ್ಟರೆ ಎರಡು ದಿನ ಮಾತಿಲ್ಲ. ಒಮ್ಮೆ ಕೊನೆಯ ಹಾಳೆಯೇ ಮಾಯ! ಮನೆಮಂದಿಯೆಲ್ಲ ಪತ್ತೇದಾರರಾಗಿ ಒಬ್ಬರನ್ನೊಬ್ಬರು ಶಂಕಿಸಿದೆವು. ಕಡೆಗೆ ಸಿಕ್ಕಿದ್ದು ಓದುಬಾರದ ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ. ಅದರಲ್ಲಿ ಅಡಿಕೆ ಕಟ್ಟಿಟ್ಟಿದ್ದರು.

1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು; ನಾವು ಆಂಧ್ರಪ್ರದೇಶದಲ್ಲಿ ಉಳಿದೆವು. ಶಾಲೆಯಲ್ಲಿ ತೆಲುಗು ಕಲಿತ ನಮಗೆ ಕನ್ನಡ ಓದಲು ಕಲಿಸಿದವನು ಪತ್ತೇದಾರ ಪುರುಷೋತ್ತಮನೇ. ಪಂಡಿತರು ಕ್ಷಮಿಸಬೇಕು.

ಇಂದು ನಮ್ಮ ಮಕ್ಕಳು ಕನ್ನಡ ಆಡುತ್ತಾರೆ, ಓದಲಾರರು. ಮೊನ್ನೆ ಓದಿ ಹೇಳುತ್ತಾ, ಕೊಲೆಗಾರ ಸಿಗುವ ಮುನ್ನ ಪುಸ್ತಕ ಮುಚ್ಚಿ ಎದ್ದುಬಿಟ್ಟೆವು. ಮರಳಿ ಬಂದಾಗ ಮೊಮ್ಮಗಳು ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದಳು.