ತೋಡಿನ ಬದಿಯ ಎರಡು ಮರ

ಬೆಂಗಳೂರು
ನವೆಂಬರ್ 9

ಪ್ರೀತಿಯ ಅಣ್ಣ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಎರಡೇ ಮಾತು. ಕೆಳಗಿನ ಅಡಿಕೆ ತೋಟದಲ್ಲಿ ಇನ್ನೂ ಹಸಿರಾಗಿ ನಿಂತದ್ದು ತೋಡಿನ ಬದಿಯ ಎರಡು ಮರ ಮಾತ್ರ. ಡಿಸೆಂಬರಿನಲ್ಲಿ ಜನ ಸಿಕ್ಕಿದರೆ ಎಲ್ಲವನ್ನೂ ಕಡಿಸಿ ರಬ್ಬರ್ ಹಾಕುವುದು. ಆಮೇಲೆ ಯಾವಾಗಿನ ಹಾಗೆ ನಗುತ್ತಾ, "ನಿನ್ನ ಈಸ್ಟಿನ ಹತ್ತಿರ ಏನಾದರೂ ಮದ್ದು ಉಂಟಾ ಕೇಳು" ಅಂದೆ. ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು "ಆಯ್ತು ಆಯ್ತು" ಅಂತ ಮುಗಿಸಿಬಿಡುತ್ತೀ. ಕಾಗದ ಬರೆದರೆ ನೀನಲ್ಲದಿದ್ದರೂ ಅತ್ತಿಗೆಯಾದರೂ ಪೂರ್ತಿ ಓದಿಯಾರು.

ನಾನು ಬೆಂಗಳೂರಿಗೆ ವಾಪಸು ಬಂದ ಹೊಸತರಲ್ಲಿ, ನಮ್ಮ ಮೊದಲ ಮರದ ಸೋಗೆಯ ತುದಿ ಹಳದಿಯಾದಾಗ, ಜಗಲಿಯಲ್ಲಿ ಅಪ್ಪನ ಎದುರು ಒಂದು ಮಾತು ಆಡಿದ್ದೆ: "ಹತ್ತು ವರ್ಷದೊಳಗೆ ಇದಕ್ಕೆ ಉತ್ತರ ಸಿಗುತ್ತದೆ." ಅಪ್ಪ ಮರೆತರು. ನೀನು ಮರೆತಿಲ್ಲ ಅಂತ ನನಗೆ ಗೊತ್ತು. ಆದರೂ ಒಂದು ದಿನವೂ ಎತ್ತಿ ಆಡಲಿಲ್ಲ. ಬರುವ ಮಾರ್ಚಿಗೆ ನನಗೆ ನಿವೃತ್ತಿ. ಲ್ಯಾಬಿನ ಫ್ರೀಜರ್ ಖಾಲಿ ಮಾಡುವ ಮೊದಲು ಆ ಮಾತಿನ ಲೆಕ್ಕ ಒಪ್ಪಿಸಬೇಕು ಅನ್ನಿಸಿದೆ.

ಈಸ್ಟ್ ಅಂದರೆ ನಿನಗೆ ಹೊಸತಲ್ಲ. ಚಿಕ್ಕವರಿರುವಾಗ ಬೈನೆ ಮರದ ಕಳ್ಳಿನ ಕುಡಿಕೆಗೆ ಕಿವಿಯಿಟ್ಟು ಒಳಗಿನ ಚುರುಚುರು ಸದ್ದು ಕೇಳಿದ್ದು ನೆನಪುಂಟಾ? "ಒಳಗೆ ಯಾರೋ ಉಸಿರು ಬಿಡ್ತಿದ್ದಾರೆ" ಅಂದವ ನೀನೇ. ಸರಿಯಾಗಿಯೇ ಹೇಳಿದ್ದೆ. ತಳದಲ್ಲಿ ಬೆಳ್ಳಗೆ ಕೂರುವ ಆ ಮಡ್ಡಿಯ ಜೊತೆಗೇ ನನ್ನ ಆಯುಷ್ಯ ಕಳೆಯಿತು. ಆ ಜೀವಕ್ಕೆ ಇರುವುದು ಸುಮಾರು ಆರು ಸಾವಿರ ಜೀನ್. ಅವನ್ನೆಲ್ಲ 1996ರಲ್ಲೇ ಓದಿ ಮುಗಿಸಿದರು. ನಮ್ಮ ಹಾಗೆ ಕೋಶದೊಳಗೆ ನ್ಯೂಕ್ಲಿಯಸ್ ಇರುವ ಜೀವಿಗಳಲ್ಲಿ ಪೂರ್ತಿ ಓದಿಸಿಕೊಂಡದ್ದು ಅದೇ ಮೊದಲು. ಒಳ್ಳೆಯ ಊಟ ಕೊಟ್ಟರೆ ಒಂದೂವರೆ ಗಂಟೆಯಲ್ಲಿ ಒಂದು ಎರಡಾಗುತ್ತದೆ. ಸೋಮವಾರ ಕೇಳಿದ ಪ್ರಶ್ನೆಗೆ ಬುಧವಾರ ತಟ್ಟೆಯಲ್ಲಿ ಉತ್ತರ. ನಾನು ಅದಕ್ಕೆ ಮರುಳಾದದ್ದು ಈ ಅವಸರಕ್ಕೇ, ಅಣ್ಣ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಗೊನೆಗೆ ಕಾಯುವ ಅಪ್ಪನ ತಾಳ್ಮೆ ನಿನಗೆ ಬಂತು, ನನಗೆ ಬರಲಿಲ್ಲ.

ಪಿಎಚ್‌ಡಿಯಲ್ಲಿ ನಾನು ನೋಡಿದ್ದು ಒಂದು ಸಣ್ಣ ಸ್ವಿಚ್. ಹಾಲಿನ ಸಕ್ಕರೆ ಒಡೆದರೆ ಸಿಗುವ ಗ್ಯಾಲಕ್ಟೋಸನ್ನು ಈಸ್ಟ್ ತಿನ್ನಬಲ್ಲದು, ಆದರೆ ಗ್ಲೂಕೋಸ್ ಇರುವಷ್ಟು ಹೊತ್ತು ಅತ್ತ ತಿರುಗಿಯೂ ನೋಡುವುದಿಲ್ಲ. ಗ್ಯಾಲಕ್ಟೋಸ್ ಒಂದೇ ಉಳಿಯಿತೋ, ಅದನ್ನು ಜೀರ್ಣಿಸುವ ಜೀನುಗಳ ಕೆಲಸ ಸಾವಿರ ಪಟ್ಟು ಏರುತ್ತದೆ. ಇದನ್ನು ನಡೆಸುವವರು ಮೂವರು. ಗ್ಯಾಲ್-4 ಆಳುಗಳನ್ನು ಕೆಲಸಕ್ಕೆ ಕೂಗುವ ಯಜಮಾನ. ಗ್ಯಾಲ್-80 ಅವನ ಬಾಯಿಗೆ ಕೈ ಅಡ್ಡ ಹಿಡಿದು ನಿಂತವ. ಸಕ್ಕರೆಯ ಸುದ್ದಿ ತಂದು ಆ ಕೈ ತೆಗೆಸುವವ ಗ್ಯಾಲ್-3. ಮುಂದೆ ಐಐಟಿ ಬಾಂಬೆಯಲ್ಲಿ ಪ್ರೊಫೆಸರಾದ ಪೈಕೆ ಜಯದೇವ ಭಟ್ಟರು ಅಮೆರಿಕದ ಹಾಪರ್ ಜೊತೆ ಸೇರಿ 1992ರಲ್ಲಿ ತೋರಿಸಿದ್ದು ಇದನ್ನೇ: ಗ್ಯಾಲ್-3ನ್ನು ಬೇಕಾದ್ದಕ್ಕಿಂತ ಹೆಚ್ಚು ತುಂಬಿಸಿದರೆ, ಸಕ್ಕರೆ ಒಂದು ಕಾಳೂ ಇಲ್ಲದೆ ಸ್ವಿಚ್ ಬಿದ್ದುಬಿಡುತ್ತದೆ. ಆ ಲೇಖನ ಓದಿದ ರಾತ್ರಿ ನಾನು ಹಾಸ್ಟೆಲಿನ ಊಟ ತಪ್ಪಿಸಿಕೊಂಡಿದ್ದೆ. ಈ ಒಂದು ಸ್ವಿಚ್ಚಿನ ಮೇಲೆಯೇ 2008ರಲ್ಲಿ ಅವರ ಇಡೀ ಪುಸ್ತಕ ಬಂತು. ಅದು ಈಗಲೂ ನನ್ನ ಮೇಜಿನ ಮೇಲಿದೆ, ಬೆನ್ನು ಕಿತ್ತುಹೋಗಿ.

ಈಸ್ಟಿನಿಂದ ನಾನು ಮನುಷ್ಯರ ರೋಗನಿರೋಧಕ ಕೋಶಗಳಿಗೆ ಹಾರಿದ್ದು ಹೇಗೆ ಅಂತ ನೀನು ಒಮ್ಮೆ ಕೇಳಿದ್ದೆ. ಹಾರಿದ್ದಲ್ಲ, ಗಾಳದ ದಾರ ಹಿಡಿದು ನಡೆದದ್ದು. ಗ್ಯಾಲ್-4ನ್ನು ಎರಡು ತುಂಡು ಮಾಡಬಹುದು. ಒಂದು ಡಿಎನ್‌ಎ ಹಿಡಿದು ಕೂರುತ್ತದೆ, ಇನ್ನೊಂದು ಕೂಗುತ್ತದೆ. ಎರಡೂ ಹತ್ತಿರ ಬಂದರೆ ಮಾತ್ರ ಕೆಲಸ. 1989ರಲ್ಲಿ ಸ್ಟಾನ್ಲಿ ಫೀಲ್ಡ್ಸ್ ಮತ್ತು ಸಾಂಗ್ ಎಂಬಿಬ್ಬರು ಒಂದು ತುಂಡಿಗೆ ಒಂದು ಪ್ರೋಟೀನು, ಇನ್ನೊಂದಕ್ಕೆ ಬೇರೊಂದು ಪ್ರೋಟೀನು ಕಟ್ಟಿ ನೋಡಿದರು. ಆ ಎರಡು ಪ್ರೋಟೀನು ಒಂದಕ್ಕೊಂದು ಅಂಟಿದರೆ ತುಂಡುಗಳು ಹತ್ತಿರ ಬಂದು ಸ್ವಿಚ್ ಬೀಳುತ್ತದೆ, ಈಸ್ಟ್ ಬಣ್ಣ ಬದಲಿಸುತ್ತದೆ. ಪಯಸ್ವಿನಿಯಲ್ಲಿ ನಾವು ಎರೆಹುಳು ಸಿಕ್ಕಿಸಿ ಕೂರುತ್ತಿದ್ದ ಹಾಗೆಯೇ. ಗೊತ್ತಿರುವ ಪ್ರೋಟೀನು ಎರೆ, ಗೊತ್ತಿಲ್ಲದ ಅದರ ಜೊತೆಗಾರ ಮೀನು. 1995ರ ಸುಮಾರಿಗೆ ಫ್ಯಾಡ್, ಟ್ರ್ಯಾಡ್ ಮುಂತಾದ ಹೆಸರುಗಳು ಸಿಕ್ಕಿದ್ದು ಹೀಗೆ. ನಮ್ಮ ಕೋಶಕ್ಕೆ ಸಾವಿನ ಅಥವಾ ಅಪಾಯದ ಸುದ್ದಿ ಮುಟ್ಟಿದಾಗ ಅದನ್ನು ಒಳಗೆ ದಾಟಿಸುವ ಆಳುಗಳು ಅವು. ಈಸ್ಟಿಗೆ ನಮ್ಮಂಥ ರೋಗನಿರೋಧಕ ಕೋಶವೇ ಇಲ್ಲ. ಅದಕ್ಕೇ ಅದು ಸ್ವಚ್ಛ ಪಾತ್ರೆ, ನಮ್ಮ ಅಡುಗೆಯ ವಾಸನೆ ಮೊದಲೇ ಅದರಲ್ಲಿ ಇರುವುದಿಲ್ಲ.

ಗಾಳಕ್ಕೆ ಹರಿದ ಚಪ್ಪಲಿಯೂ ಸಿಗುತ್ತದೆ. ನನಗೆ ಸಿಕ್ಕಿತು. ಒಂದು ಪ್ರೋಟೀನು ಹಿಡಿದು ಹದಿನಾಲ್ಕು ತಿಂಗಳು ಅದರ ಹಿಂದೆ ಓಡಿದೆ. ಹೆಸರಿಟ್ಟೆ, ಚಿತ್ರ ಬರೆದೆ, ಒಂದು ಸಭೆಯಲ್ಲಿ ಮಾತಾಡಿ ಚಪ್ಪಾಳೆಯನ್ನೂ ಹೊಡೆಸಿಕೊಂಡೆ. ಕೊನೆಗೆ ನೋಡಿದರೆ ಅದು ಹಲಸಿನ ಮೇಣದ ಹಾಗೆ, ಯಾವ ಎರೆ ಕಟ್ಟಿದರೂ ಬಂದು ಅಂಟುವ ಜಾತಿ. ಮೊದಲ ವಾರವೇ ಬೇರೆ ನಾಲ್ಕು ಎರೆ ಕಟ್ಟಿ ನೋಡಬೇಕಿತ್ತು. ನೋಡಲಿಲ್ಲ, ಯಾಕೆಂದರೆ ನೋಡಲು ಮನಸ್ಸಿರಲಿಲ್ಲ. ಆ ವರ್ಷದ ದೀಪಾವಳಿಗೆ ನಾನು ಊರಿಗೆ ಬರದೆ ಇದ್ದದ್ದು ರಜೆ ಸಿಗದೆ ಅಲ್ಲ.

ಆಮೇಲಿನ ಇಪ್ಪತ್ತು ವರ್ಷ ಹೆಚ್ಚು ಕಡಿಮೆ ಒಂದೇ ಕೆಲಸ: ಸತ್ತ ಈಸ್ಟಿನ ಹೊರಕವಚವನ್ನು ನಮ್ಮ ಭಕ್ಷಕ ಕೋಶಗಳ ಮುಂದೆ ಇಟ್ಟು ಅವು ಏನು ಮಾಡುತ್ತವೆ ಅಂತ ನೋಡುವುದು. ಈಸ್ಟ್ ತೊಟ್ಟ ಕೋಟು ಒಂದು ಬಗೆಯ ಸಕ್ಕರೆಯದು, ಬೀಟಾ ಗ್ಲೂಕನ್ ಅಂತ. ನಮ್ಮ ಕೋಶದ ಹೊರಗೆ ಆ ಕೋಟಿನ ಗುರುತು ಹಿಡಿಯುವ ಕಾವಲುಗಾರನೊಬ್ಬ ಇದ್ದಾನೆ. ಡೆಕ್ಟಿನ್-1 ಅವನ ಹೆಸರು, 2001ರಲ್ಲಿ ಇದು ತಿಳಿದದ್ದು. ಅವನು ಕೂಗಿದರೆ ಸುದ್ದಿ ಕೈಯಿಂದ ಕೈಗೆ ದಾಟಿ ಎನ್‌ಎಫ್-ಕಪ್ಪಾ-ಬಿ ಎಂಬಲ್ಲಿಗೆ ಮುಟ್ಟುತ್ತದೆ. 1986ರಲ್ಲಿ ರಂಜನ್ ಸೆನ್ ಮತ್ತು ಬಾಲ್ಟಿಮೋರ್ ಕಂಡುಹಿಡಿದ ಈ ಯಜಮಾನನ ಕತೆ ಕೇಳು: ಅವನನ್ನೂ ಒಬ್ಬ ಅದುಮಿ ಹಿಡಿದಿರುತ್ತಾನೆ, ಸುದ್ದಿ ಬಂದಾಗ ಹಿಡಿದವನನ್ನು ತೆಗೆದುಹಾಕುತ್ತಾರೆ, ಯಜಮಾನ ಒಳಗೆ ಹೋಗಿ ಕೂಗುತ್ತಾನೆ. ಗ್ಯಾಲಕ್ಟೋಸಿನ ಕತೆಯ ಅಣ್ಣನೋ ತಮ್ಮನೋ ಅನ್ನಬೇಕು. ಸಂಬಂಧ ಇಲ್ಲ, ಮುಖಚಹರೆ ಮಾತ್ರ ಒಂದೇ. ನನಗೆ ಇದು ಹೊಳೆದದ್ದು ಬಸ್ಸಿನಲ್ಲಿ, ಮಾಣಿ ದಾಟಿ ಊರ ಕಡೆ ಬರುವಾಗ. ಹೇಳಿಕೊಳ್ಳಲು ಪಕ್ಕದಲ್ಲಿ ಇದ್ದದ್ದು ಕೋಳಿ ಬುಟ್ಟಿ ಹಿಡಿದ ಒಬ್ಬ ಅಜ್ಜ.

ಮದ್ದು ಕೇಳಿದೆಯಲ್ಲ, ತೋಟಕ್ಕಿಲ್ಲದಿದ್ದರೂ ನಿನಗೆ ಉಂಟು. ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಇನ್ಸುಲಿನ್ ಪಿಕಿಯಾ ಎಂಬ ಈಸ್ಟ್ ತಯಾರಿಸಿ ಕೊಟ್ಟದ್ದು. ಬೆಳಿಗ್ಗೆ ಚುಚ್ಚಿಕೊಳ್ಳುವಾಗ ನನ್ನನ್ನು ಸ್ವಲ್ಪ ನೆನೆಸಿಕೊ.

ಈಗ ಅಡಿಕೆ. 2003ರಲ್ಲಿ ನೀನು ಹಳದಿ ಸೋಗೆಯನ್ನು ಹಾಳೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಕಳುಹಿಸಿದ್ದೆ. ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಂಡೆ, ಲ್ಯಾಬಿನಲ್ಲಿ ಅರೆದು ತಟ್ಟೆಗೆ ಹಾಕಿದೆ. ಬಂದದ್ದು ಬೂಷ್ಟು ಮಾತ್ರ. ನೀನು ಕೇಳಿದಾಗಲೆಲ್ಲ "ನೋಡ್ತಾ ಇದ್ದೇವೆ" ಅಂದೆ. ಸುಳ್ಳು. ತಟ್ಟೆಯಲ್ಲಿ ಏನೂ ಬರಲಿಕ್ಕಿಲ್ಲ ಅಂತ ಹಾಕುವಾಗಲೇ ಗೊತ್ತಿತ್ತು. ಸೋಗೆ ಹಳದಿಯಾಗುವ ಈ ರೋಗದ ಜೊತೆ ಕಾಣಿಸುವುದು ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಮರದ ಆಹಾರ ಹರಿಯುವ ನಾಳದೊಳಗೇ ಅದರ ಬಾಳು, ಮರದಿಂದ ಮರಕ್ಕೆ ಅದನ್ನು ಹೊತ್ತು ಹೋಗುವುದು ಒಂದು ಸಣ್ಣ ಜಿಗಿಹುಳು. ಅದನ್ನು ಈಸ್ಟಿನ ಹಾಗೆ ತಟ್ಟೆಯಲ್ಲಿ ಸಾಕಲು ಆಗುವುದಿಲ್ಲ. ಸಾಕಲು ಬಾರದ್ದನ್ನು ಕೆಡಿಸಿ, ಕೂಡಿಸಿ, ಪ್ರಶ್ನೆ ಕೇಳುವುದು ಹೇಗೆ? ಇನ್ನೊಂದು ಸಂಗತಿ. ಗಿಡಮರಗಳಿಗೂ ಕಾವಲುಗಾರರು ಇದ್ದಾರೆ, ಬ್ಯಾಕ್ಟೀರಿಯಾದ ಬಾಲವನ್ನೋ ಗೋಡೆಯ ಚೂರನ್ನೋ ಕಂಡು ಕೂಗುತ್ತಾರೆ. ಈ ಪುಣ್ಯಾತ್ಮನಿಗೆ ಬಾಲವೂ ಇಲ್ಲ, ಗೋಡೆಯೂ ಇಲ್ಲ. ಕೋಟು ನೋಡಿ ಕಳ್ಳನನ್ನು ಹಿಡಿಯುವುದನ್ನೇ ಜೀವಮಾನವಿಡೀ ಓದಿದವಳ ಮನೆಯ ತೋಟಕ್ಕೆ ಕೋಟೇ ಇಲ್ಲದ ಕಳ್ಳ ಬಂದ.

ಆದರೆ ಮೊನ್ನೆ ನಿದ್ದೆ ಬಾರದ್ದು ಇದಕ್ಕಲ್ಲ, ನೀನು ಹೇಳಿದ ಆ ಎರಡು ಮರಕ್ಕೆ. ಈಸ್ಟಿನ ಜೆನೆಟಿಕ್ಸ್ ಅಂದರೆ ಅರ್ಧಕ್ಕರ್ಧ ಇಷ್ಟೇ: ತಟ್ಟೆಯ ಮೇಲೆ ಕೋಟಿ ಕೋಶ ಹರಡಿ ವಿಷ ಹಾಕುತ್ತೇವೆ. ಮೂರನೇ ದಿನ ಎಲ್ಲ ಸತ್ತು ನಾಲ್ಕು ಬಿಳಿ ಚುಕ್ಕೆ ಉಳಿದಿರುತ್ತದೆ. ಸತ್ತ ಕೋಟಿಯ ಕಡೆ ಯಾರೂ ನೋಡುವುದಿಲ್ಲ, ಕಡ್ಡಿ ಹಿಡಿದು ಆ ನಾಲ್ಕನ್ನು ಎತ್ತಿಕೊಳ್ಳುತ್ತೇವೆ. ನಿನ್ನ ತೋಟ ಇಪ್ಪತ್ತೈದು ವರ್ಷ ತೆಗೆದುಕೊಂಡ ತಟ್ಟೆ, ಅಣ್ಣ. ಅಂಥ ಪ್ರಯೋಗ ಮಾಡಲು ನನಗೆ ಯಾರೂ ಹಣ ಕೊಡುತ್ತಿರಲಿಲ್ಲ.

ಆಸೆ ಹುಟ್ಟಿಸುತ್ತಿಲ್ಲ. ಜಿಗಿಹುಳು ಅಲ್ಲಿಗೆ ಹೋಗದೆಯೂ ಉಳಿದಿರಬಹುದು. ಚಪ್ಪಲಿ ಹಿಡಿದು ಮೀನು ಅಂದವಳು ನಾನು, ಈಗ ಹಾಗೆ ಅನ್ನುವುದಿಲ್ಲ. ಆದರೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹುಡುಕುವುದು ಇಂಥವನ್ನೇ, ಸುತ್ತಲೂ ರೋಗ ಇದ್ದು ನಡುವೆ ಗಟ್ಟಿ ನಿಂತ ಮರಗಳನ್ನು. ಬೀಜದಿಂದ ಮಾತ್ರ ಆಗುವುದಿಲ್ಲ. ಅಡಿಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಮುಗಿದು ಆಮೇಲೆ ಹೆಣ್ಣು ಹೂ ಬರುವುದರಿಂದ ಪರಾಗ ಬೇರೆ ಮರದ್ದು, ಅಂದರೆ ಪಕ್ಕದ ರೋಗಿಯದ್ದೂ ಆಗಬಹುದು. ಆ ಎರಡನ್ನೇ ಒಂದಕ್ಕೊಂದು ಕೂಡಿಸಬೇಕು, ಇಲ್ಲವೇ ಎಳೆ ಹಿಂಗಾರದ ಅಂಗಾಂಶದಿಂದ ಸಸಿ ಎಬ್ಬಿಸಬೇಕು. ಕಾಸರಗೋಡಿಗೆ ನಾನೇ ಬರೆಯುತ್ತೇನೆ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜಾರಿ ನಿನ್ನ ಫೋನು ಸಿಗದೆ ಹೋದ ದಿನಗಳಲ್ಲಿ, ಲ್ಯಾಬಿನ ಮೈನಸ್ ಎಂಬತ್ತರ ಫ್ರೀಜರಿಗೆ ಎರಡೆರಡು ಜನರೇಟರ್ ಇದ್ದದ್ದು ನೋಡಿ ನನಗೆ ನಾಚಿಕೆಯಾಗಿತ್ತು. ಅದರೊಳಗೆ ನನ್ನ ಎರಡು ಸಾವಿರ ಚಿಲ್ಲರೆ ತಳಿಗಳಿವೆ. ಹುಡುಗರು ಬೇಕಾದ್ದು ಇಟ್ಟುಕೊಂಡು ಉಳಿದದ್ದು ಎಸೆಯಲಿ.

ನೀನು ಮಾತ್ರ ಆ ಎರಡನ್ನು ಕಡಿಸಬೇಡ. ರಬ್ಬರ್ ಹಾಕುವುದಾದರೆ ಹಾಕು, ನಾನು ಬೇಡ ಅನ್ನುವುದಿಲ್ಲ. ತೋಡಿನ ಬದಿ ನಾಲ್ಕು ಕೋಲು ಜಾಗ ಬಿಡು. ಮರಗಳಿಗೆ ಎದೆಮಟ್ಟದಲ್ಲಿ ಸುಣ್ಣದ ಪಟ್ಟೆ ಬಳಿ, ಕಡಿಯುವವರಿಗೆ ಬಾಯಲ್ಲಿ ಹೇಳಿದರೆ ಸಾಲದು. ಅವುಗಳ ಗೊನೆಯನ್ನು ಈ ಸಲ ಚಾಲಿಯ ರಾಶಿಗೆ ಸೇರಿಸದೆ ಬೇರೆ ಗೋಣಿಯಲ್ಲಿ ಇಡು, ಒಂದೆರಡು ಅಡಿಕೆ ಒಡೆದು ತಿರುಳು ಗಟ್ಟಿ ಉಂಟಾ, ಕಪ್ಪಾಗಿ ಮೆತ್ತಗಾಗಿದೆಯಾ ನೋಡಿ ಹೇಳು.

ಡಿಸೆಂಬರ್ ಎರಡನೇ ಶನಿವಾರ ಬೆಳಿಗ್ಗೆಯ ಬಸ್ಸಿಗೆ ಕಲ್ಲುಗುಂಡಿಯಲ್ಲಿ ಇಳಿಯುತ್ತೇನೆ. ಟಾರ್ಚು ತರಬೇಡ, ಅಷ್ಟು ಹೊತ್ತಿಗೆ ಬೆಳಕಾಗಿರುತ್ತದೆ.

ನಿನ್ನ ತಂಗಿ